ಗೊರಸು ಮತ್ತು ಗೋದಲಿ: ಹೈನುರಾಸುಗಳ ಕುಂಟು, ಖನಿಜ-ಜೀವಸತ್ವ ಪೋಷಣೆ ಹಾಗೂ ಜನಪದ ಪಶುಜ್ಞಾನ

ಕರ್ನಾಟಕದ ಗ್ರಾಮೀಣ ಬದುಕಿನಲ್ಲಿ ದನಕರುಗಳನ್ನು ಕುರಿತ ತಿಳಿವಳಿಕೆ ಬಹುಮಟ್ಟಿಗೆ ಮೌಖಿಕವಾಗಿಯೇ ಉಳಿದುಬಂದಿದೆ. ಚಾಲುಕ್ಯ ರಾಜವಂಶಕ್ಕೆ ಸೇರಿದ ಕೀರ್ತಿವರ್ಮನು ಸುಮಾರು 12ನೆಯ ಶತಮಾನದಲ್ಲಿ ರಚಿಸಿದ ‘ಗೋವೈದ್ಯ’ವು ಈ ನಾಡಿನಲ್ಲಿ ಪಶುಚಿಕಿತ್ಸೆಗೆ ಶಾಸ್ತ್ರದ ಸ್ಥಾನ ದೊರೆತಿದ್ದುದನ್ನು ತೋರಿಸುತ್ತದೆ. ಆದರೆ ಹಟ್ಟಿ, ಹೊಲ, ಜಾತ್ರೆಗಳಲ್ಲಿ ದಿನನಿತ್ಯ ಬಳಕೆಯಾದ ಜ್ಞಾನವು ಗ್ರಂಥಕ್ಕಿಂತ ಹೆಚ್ಚಾಗಿ ಕಣ್ಣು, ಕೈ ಮತ್ತು ಮಾತಿನ ಮೂಲಕ ತಲೆಮಾರಿನಿಂದ ತಲೆಮಾರಿಗೆ ಹರಿದಿದೆ. ಹಲ್ಲು ನೋಡಿ ವಯಸ್ಸು ಹೇಳುವುದು, ಸುಳಿ ನೋಡಿ ಗುಣ ನಿರ್ಧರಿಸುವುದು, ನಡೆಸಿ ನೋಡಿ ಕಾಲಿನ ಬಲ ಅಳೆಯುವುದು ಈ ಜ್ಞಾನದ ಪ್ರಮುಖ ವಿಧಾನಗಳು. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಮುಡುಕುತೊರೆ, ಚುಂಚನಕಟ್ಟೆಗಳ ದನಗಳ ಜಾತ್ರೆಗಳಲ್ಲಿ ಎತ್ತು ಕೊಳ್ಳುವವನು ಬಾಯಿ ಬಿಡಿಸಿ ನೋಡಿದಷ್ಟೇ ಎಚ್ಚರದಿಂದ ಗೊರಸನ್ನೂ ನೋಡುತ್ತಾನೆ.

ಇಂದು ಹಳ್ಳಿಯ ಕೊಟ್ಟಿಗೆಯಲ್ಲಿ ಎತ್ತಿನ ಸ್ಥಾನವನ್ನು ಬಹುಪಾಲು ಮಿಶ್ರತಳಿಯ ಹಸು ಆಕ್ರಮಿಸಿದೆ. ಈ ಹಸುವನ್ನು ಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಲೀಟರು’ ಎಂಬುದು. ಪರೀಕ್ಷೆಗೆ ಒಳಗಾಗುವ ಅಂಗ ಕೆಚ್ಚಲು. ಗೊರಸು ನೋಟದಿಂದ ಹೊರಗುಳಿದಿದೆ. ಆದರೆ ಹೈನುರಾಸುಗಳ ಇಳುವರಿಯನ್ನು ಕುಗ್ಗಿಸುವ ತೊಂದರೆಗಳ ಪೈಕಿ ಬಂಜೆತನ ಹಾಗೂ ಕೆಚ್ಚಲುಬಾವಿನ ಜೊತೆಯಲ್ಲಿಯೇ ಪಶುವೈದ್ಯರು ಕುಂಟನ್ನು ಹೆಸರಿಸುತ್ತಾರೆ. ಕುಂಟುವ ಹಸು ಗೋದಲಿಯ ಬಳಿ ಹೆಚ್ಚು ಹೊತ್ತು ನಿಲ್ಲಲಾರದು, ಮೇವು ಕಡಿಮೆ ತಿನ್ನುತ್ತದೆ, ಬೆದೆಯ ಲಕ್ಷಣವನ್ನು ಸರಿಯಾಗಿ ತೋರುವುದಿಲ್ಲ, ಕೊನೆಗೆ ಕಡಿಮೆ ಬೆಲೆಗೆ ಕೈಬಿಟ್ಟು ಹೋಗುತ್ತದೆ. ಒಂದೆರಡು ಹಸುಗಳ ಹಾಲಿನಿಂದಲೇ ಮನೆಯ ವಾರದ ಖರ್ಚು ನಡೆಸುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ನಷ್ಟ. ಜನಪದ ಪಶುಜ್ಞಾನವು ಕುಂಟನ್ನು ಹೇಗೆ ಅರಿತಿತ್ತು, ಖನಿಜ ಮತ್ತು ಜೀವಸತ್ವಗಳ ಕೊರತೆಯಿಂದ ಬರುವ ಕುಂಟು ಆ ಅರಿವಿನ ಚೌಕಟ್ಟಿನಿಂದ ಏಕೆ ತಪ್ಪಿಸಿಕೊಂಡಿತು, ಅದನ್ನು ಮತ್ತೆ ಗುರುತಿಸಲು ಅದೇ ಜ್ಞಾನಪರಂಪರೆಯಲ್ಲಿ ಯಾವ ಸಾಧನಗಳಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಕುಂಟಿನ ಹೆಸರುಗಳು

ರೋಗಕ್ಕೆ ಹೆಸರಿಡುವ ಕ್ರಮದಲ್ಲಿಯೇ ರೋಗದ ತಿಳಿವಳಿಕೆ ಅಡಗಿರುತ್ತದೆ. ಕನ್ನಡದ ಜನಬಳಕೆಯಲ್ಲಿ ದನ ಕಾಲೆಳೆಯುವ ಸ್ಥಿತಿಗೆ ಸಂಬಂಧಿಸಿದ ಹಲವು ಹೆಸರುಗಳಿವೆ. ‘ಕಾಲುಬಾಯಿ’ ಎಂಬುದು ಗೊರಸಿನ ಸಂದಿಯಲ್ಲಿಯೂ ನಾಲಗೆಯ ಮೇಲೂ ಒಟ್ಟಿಗೆ ಹುಣ್ಣೇಳುವ ಸಾಂಕ್ರಾಮಿಕ ಬೇನೆ. ‘ಚಪ್ಪೆ’ ಎಂದರೆ ಸೊಂಟ-ತೊಡೆಯ ಭಾಗ. ಅಲ್ಲಿ ಬಾವು ಬಂದು, ಒತ್ತಿದರೆ ಚರಚರ ಸದ್ದಾಗಿ, ಚೆನ್ನಾಗಿ ಮೈತುಂಬಿದ ಎಳೆಯ ರಾಸನ್ನು ಒಂದೆರಡು ದಿನಗಳಲ್ಲಿ ಕೊಲ್ಲುವ ರೋಗಕ್ಕೆ ‘ಚಪ್ಪೆಬೇನೆ’ ಎಂದು ಹೆಸರು. ‘ಮೂರು ದಿನದ ಜ್ವರ’ ಒಂದು ಕಾಲಿನಿಂದ ಮತ್ತೊಂದು ಕಾಲಿಗೆ ಕುಂಟು ಬದಲಾಗುವ, ತಾನಾಗಿ ಇಳಿಯುವ ಬೇನೆ. ಇವುಗಳಲ್ಲದೆ ಮುಳ್ಳು ತುಳಿದದ್ದು, ಕಲ್ಲು ಒತ್ತಿದ್ದು, ಕಾಲು ಉಳುಕಿದ್ದು, ಗೊರಸು ಸವೆದದ್ದು ಎಂದು ಕಾರಣದಿಂದಲೇ ಗುರುತಿಸುವ ಕುಂಟುಗಳಿವೆ.

ಈ ವರ್ಗೀಕರಣ ಎಷ್ಟು ನಿಖರವಾದುದೆಂದರೆ ಮೊದಲ ಮೂರು ಹೆಸರುಗಳು ಇಂದಿನ ಪಶುವೈದ್ಯ ವಿಜ್ಞಾನ ಗುರುತಿಸುವ ಮೂರು ಪ್ರತ್ಯೇಕ ರೋಗಗಳಿಗೆ ಸಲ್ಲುತ್ತವೆ. ಕಾಲುಬಾಯಿಗೆ ಒಂದು ವೈರಾಣು, ಚಪ್ಪೆಬೇನೆಗೆ ಮಣ್ಣಿನಲ್ಲಿ ಉಳಿಯುವ ಒಂದು ಬ್ಯಾಕ್ಟೀರಿಯ, ಮೂರು ದಿನದ ಜ್ವರಕ್ಕೆ ಕೀಟಗಳಿಂದ ಹರಡುವ ಮತ್ತೊಂದು ವೈರಾಣು ಕಾರಣ. ಸೂಕ್ಷ್ಮದರ್ಶಕವಿಲ್ಲದೆ, ಕೇವಲ ಲಕ್ಷಣ, ಕಾಲ ಮತ್ತು ಫಲಿತಾಂಶಗಳನ್ನು ಹೋಲಿಸಿ ಈ ಭೇದವನ್ನು ಕಂಡುಕೊಂಡಿರುವುದು ಗಮನಾರ್ಹ.

ಇಷ್ಟು ಹೆಸರುಗಳಲ್ಲಿ ಒಂದು ಸಾಮ್ಯವಿದೆ. ಇವೆಲ್ಲವೂ ಕಣ್ಣೆದುರಿಗೆ ಆರಂಭವಾಗುವ ಕುಂಟುಗಳು. ಮುಳ್ಳು ತುಳಿದ ದಿನವೇ ದನ ಕುಂಟುತ್ತದೆ. ಊರಿಗೆ ಕಾಲುಬಾಯಿ ಬಂದ ವಾರದಲ್ಲಿಯೇ ಗೊರಸಿನ ಸಂದಿ ಹುಣ್ಣಾಗುತ್ತದೆ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಅಂತರ ಕಡಿಮೆ. ತಿಂದ ಮೇವಿನಿಂದ ಬರುವ ಕುಂಟಿಗೆ ಇಂತಹ ಪ್ರಚಲಿತ ಹೆಸರೊಂದು ಮೂಡದಿರುವುದು ಕಾಕತಾಳೀಯವಲ್ಲ. ಅದರ ಕಾರಣವನ್ನು ಮುಂದೆ ವಿವರಿಸಲಾಗುವುದು.

2. ಕಾಲಿನ ಮದ್ದು, ಗೊರಸಿನ ಕಸುಬು

ಹೆಸರಿಗೆ ತಕ್ಕಂತೆ ಚಿಕಿತ್ಸೆಯೂ ಕಾಲಿನ ಸುತ್ತಲೇ ಬೆಳೆದಿದೆ. ಹುಣ್ಣಿಗೆ ಬೇವಿನ ಎಣ್ಣೆ, ಹೊಂಗೆ ಎಣ್ಣೆ, ಅರಿಸಿನ. ಹುಳು ಬಿದ್ದ ಗಾಯಕ್ಕೆ ಸೀತಾಫಲದ ಎಲೆ. ಉಳುಕಿಗೆ ಬಿಸಿ ಶಾಖ. ಹಳೆಯ ಕುಂಟಿಗೆ ಬರೆ ಹಾಕುವುದು ಪ್ರಚಲಿತ ಕ್ರಮಗಳು. ಇವುಗಳಲ್ಲಿ ಬರೆ ಹಾಕುವುದು ರಾಸಿಗೆ ನೋವನ್ನು ಹೆಚ್ಚಿಸುವ, ಕೈಬಿಡಬೇಕಾದ ಪದ್ಧತಿ. ಉಳಿದ ಮದ್ದುಗಳಲ್ಲಿ ಹಲವಕ್ಕೆ ಈಗ ಮನ್ನಣೆ ದೊರೆಯುತ್ತಿದೆ. ಬೆಂಗಳೂರಿನ ಟ್ರಾನ್ಸ್-ಡಿಸಿಪ್ಲಿನರಿ ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಗಳು ಪ್ರಚಾರಕ್ಕೆ ತಂದಿರುವ ಪಾರಂಪರಿಕ ಪಶುಚಿಕಿತ್ಸಾ ವಿಧಾನಗಳಲ್ಲಿ ಕಾಲುಬಾಯಿ ರೋಗದ ಕಾಲುಹುಣ್ಣಿಗೆ ಕುಪ್ಪಿಗಿಡ, ಬೆಳ್ಳುಳ್ಳಿ, ಬೇವು, ಅರಿಸಿನ ಮೊದಲಾದವುಗಳನ್ನು ಎಣ್ಣೆಯಲ್ಲಿ ಕಾಯಿಸಿ ಹಚ್ಚುವ ವಿಧಾನವೂ ಸೇರಿದೆ.

ಮದ್ದಿಗಿಂತ ಮಹತ್ವದ್ದು ಗೊರಸಿನ ಕಸುಬು. ಎತ್ತನ್ನು ಹಗ್ಗದಿಂದ ಕೆಡವಿ, ಗೊರಸನ್ನು ಕೆತ್ತಿ ಸಮ ಮಾಡಿ, ಕಬ್ಬಿಣದ ಲಾಳ ಕಟ್ಟುವ ಕೆಲಸ ವಿಶೇಷ ಪರಿಣತಿಯದು. ಉತ್ತರ ಕರ್ನಾಟಕದಲ್ಲಿ ಈ ಕಸುಬಿನವರನ್ನು ‘ನಾಲಬಂದ’ ಎಂದು ಕರೆಯುತ್ತಾರೆ. ಎಷ್ಟು ಕೆತ್ತಬೇಕು, ಎಲ್ಲಿ ನಿಲ್ಲಿಸಬೇಕು, ಜೀವವಿರುವ ಭಾಗ ಎಲ್ಲಿಂದ ಆರಂಭವಾಗುತ್ತದೆ ಎಂಬುದು ಅವರ ಕೈಗೆ ಗೊತ್ತು. ಗಾಡಿ ಮತ್ತು ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರು ಬಂದಂತೆ ಈ ಕಸುಬು ಕ್ಷೀಣಿಸಿತು. ಹಾಲಿನ ಹಸು ಎಂದೂ ಅವರ ಗಿರಾಕಿಯಾಗಿರಲಿಲ್ಲ. ಹಾದಿಯಲ್ಲಿ ನಡೆದು ಮೇಯುವ ಹಸುವಿನ ಗೊರಸು ತಾನಾಗಿ ಸವೆಯುತ್ತಿತ್ತು. ಇಂದು ಕಟ್ಟಿಹಾಕಿ ಸಾಕುವ ಹಸುವಿನ ಗೊರಸು ಸವೆಯದೆ ಚಪ್ಪಲಿಯ ತುದಿಯಂತೆ ಮುಂದಕ್ಕೆ ಬಾಗುತ್ತಿರುವಾಗ, ಅದನ್ನು ಕೆತ್ತಬಲ್ಲ ಕೈಗಳು ವಿರಳವಾಗಿವೆ. ಒಂದು ಕಸುಬು ಅಗತ್ಯವಿಲ್ಲವೆಂದು ಮರೆಯಾದ ಕಾಲದಲ್ಲಿಯೇ ಅದರ ಅಗತ್ಯ ಬೇರೊಂದು ರೂಪದಲ್ಲಿ ಹುಟ್ಟಿಕೊಂಡಿತು.

3. ಹಾದಿಯಿಂದ ಕೊಟ್ಟಿಗೆಗೆ

ಕರ್ನಾಟಕದ ಪ್ರಸಿದ್ಧ ದನದ ತಳಿಗಳಾದ ಹಳ್ಳಿಕಾರ್, ಅಮೃತಮಹಲ್, ಖಿಲಾರಿಗಳು ದುಡಿಮೆಗಾಗಿ ರೂಪುಗೊಂಡವು. ಗಟ್ಟಿ ಗೊರಸು, ಬಿರುಸಿನ ನಡೆ ಇವುಗಳ ಹೆಗ್ಗಳಿಕೆ. ಮೈಸೂರು ಸಂಸ್ಥಾನದಲ್ಲಿ ಅಮೃತಮಹಲ್ ರಾಸುಗಳಿಗಾಗಿ ಮೀಸಲಿದ್ದ ಕಾವಲುಗಳನ್ನು ಬೇಸಗೆ, ಮಳೆಗಾಲ ಮತ್ತು ಚಳಿಗಾಲದ ಕಾವಲುಗಳೆಂದು ವಿಂಗಡಿಸಲಾಗಿತ್ತು. ಋತುವಿಗೆ ತಕ್ಕಂತೆ ಹಿಂಡು ಒಂದು ಕಾವಲಿನಿಂದ ಮತ್ತೊಂದಕ್ಕೆ ಸಾಗುತ್ತಿತ್ತು. ಚಿತ್ರದುರ್ಗ ಸೀಮೆಯ ಮ್ಯಾಸಬೇಡರ ದೇವರ ಎತ್ತುಗಳನ್ನು ಕಿಲಾರಿಗಳು ಮೇಯಿಸುವ ಕ್ರಮದಲ್ಲಿ, ಕಾಡುಗೊಲ್ಲರ ಸಂಸ್ಕೃತಿನಾಯಕ ಜುಂಜಪ್ಪನ ಕಥನದಲ್ಲಿ ಮೇವು ಹಾಗೂ ನೀರಿಗಾಗಿ ದನ ಸಾಗುವ ಹಾದಿಯೇ ಕೇಂದ್ರ. ಪ್ರತಿ ಊರಿಗೆ ಗೋಮಾಳವಿತ್ತು. ಹೀಗೆ ಒಂದೇ ರಾಸು ವರ್ಷದಲ್ಲಿ ಹತ್ತಾರು ಬಗೆಯ ಹುಲ್ಲು, ಬಳ್ಳಿ, ಸೊಪ್ಪುಗಳನ್ನು ಬೇರೆಬೇರೆ ಮಣ್ಣಿನಿಂದ ತಿನ್ನುತ್ತಿತ್ತು.

1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಹೈನು ಅಭಿವೃದ್ಧಿ ಯೋಜನೆ, 1984ರಲ್ಲಿ ರೂಪುಗೊಂಡ ಕರ್ನಾಟಕ ಹಾಲು ಮಹಾಮಂಡಳ ಮತ್ತು ಕೃತಕ ಗರ್ಭಧಾರಣೆಯ ವಿಸ್ತರಣೆಗಳಿಂದ ಹಾಲು ಹಳ್ಳಿಯ ನಿತ್ಯ ಆದಾಯವಾಯಿತು. ಜರ್ಸಿ ಮತ್ತು ಹಾಲ್‌ಸ್ಟೀನ್ ಫ್ರೀಸಿಯನ್ ರಕ್ತದ ಮಿಶ್ರತಳಿ ಹಸು ಮನೆಮನೆಗೆ ಬಂದಿತು. ಇದರಿಂದ ಬಡ ಕುಟುಂಬಗಳಿಗೆ ಆದ ಅನುಕೂಲ ನಿರ್ವಿವಾದ. ಆದರೆ ಹಸುವಿನ ಬದುಕಿನ ನೆಲೆ ಬದಲಾಯಿತು. ಗೋಮಾಳ ಕುಗ್ಗಿತು. ಮಣ್ಣುನೆಲದ, ಮಲೆನಾಡಿನಲ್ಲಿ ಸೊಪ್ಪಿನ ಹಾಸಿನ ಕೊಟ್ಟಿಗೆಯ ಜಾಗದಲ್ಲಿ ಸಿಮೆಂಟು ನೆಲ ಬಂದಿತು. ಮೇವು ಒಂದೆರಡು ಬಗೆಗೆ ಇಳಿಯಿತು. ಕುಂಟಿನ ಕಾರಣವೂ ಹಾದಿಯಿಂದ ಕೊಟ್ಟಿಗೆಗೆ, ಮುಳ್ಳಿನಿಂದ ಗೋದಲಿಗೆ ಸರಿಯಿತು.

4. ಗೊರಸು ಬೆಳೆಯುವ ಬಗೆ

ಗೊರಸಿನ ಹೊರಭಾಗ ಕೊಂಬು, ಕೂದಲುಗಳಂತೆ ಕೆರಾಟಿನ್ ಎಂಬ ಗಂಧಕಯುಕ್ತ ಸಸಾರಜನಕದಿಂದ ಆದುದು. ಅದರ ಒಳಗೆ ರಕ್ತನಾಳ ಹಾಗೂ ನರಗಳಿಂದ ಕೂಡಿದ ಜೀವಪದರವಿದೆ. ಈ ಜೀವಪದರ ಒದಗಿಸುವ ಆಹಾರದಿಂದ ಜೀವಕೋಶಗಳು ಹುಟ್ಟಿ, ಹೊರಕ್ಕೆ ತಳ್ಳಲ್ಪಡುತ್ತ, ಗಟ್ಟಿಯಾಗಿ ಸತ್ತು ಗೊರಸಾಗುತ್ತವೆ. ಗೊರಸಿನ ಗೋಡೆ ತಿಂಗಳಿಗೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಇದರಿಂದ ಒಂದು ಮಹತ್ವದ ಅಂಶ ಸ್ಪಷ್ಟವಾಗುತ್ತದೆ: ಇಂದು ನೆಲಕ್ಕೆ ತಾಗುತ್ತಿರುವ ಅಂಗಾಲಿನ ಪದರ ಸುಮಾರು ಎರಡು ತಿಂಗಳ ಹಿಂದೆ ರೂಪುಗೊಂಡದ್ದು, ಗೋಡೆಯ ತುದಿ ಒಂದು ವರ್ಷಕ್ಕಿಂತಲೂ ಹಿಂದಿನದು.

ಈ ಕೊಂಬುಪದರ ಗಟ್ಟಿಯಾಗಲು ಹಲವು ಪೋಷಕಾಂಶಗಳು ಒಟ್ಟಿಗೆ ದುಡಿಯಬೇಕು. ಸತುವು ಕೆರಾಟಿನ್ ನಿರ್ಮಾಣಕ್ಕೆ ಬೇಕಾದ ಕಿಣ್ವಗಳ ಭಾಗ. ಅದರ ಕೊರತೆಯಲ್ಲಿ ಗೊರಸು ಮೆದುವಾಗಿ ಬಿರುಕು ಬಿಡುತ್ತದೆ. ತಾಮ್ರವು ಕೆರಾಟಿನ್ ಎಳೆಗಳನ್ನು ಗಂಧಕದ ಸೇತುವೆಗಳಿಂದ ಬೆಸೆಯುವ ಕಿಣ್ವಕ್ಕೆ ಅಗತ್ಯ. ಹಾಲು ಕರೆಯುವ ಹಸುವಿಗೆ ಪ್ರತಿ ಕಿಲೋಗ್ರಾಂ ಒಣ ಆಹಾರದಲ್ಲಿ ಸುಮಾರು 40ರಿಂದ 60 ಮಿಲಿಗ್ರಾಂ ಸತು, 10ರಿಂದ 15 ಮಿಲಿಗ್ರಾಂ ತಾಮ್ರ ಇರಬೇಕೆಂದು ಪೋಷಣಾ ವಿಜ್ಞಾನ ಹೇಳುತ್ತದೆ. ಮೇವಿನಲ್ಲಿ ಮಾಲಿಬ್ಡಿನಂ ಮತ್ತು ಗಂಧಕ ಮಿತಿಮೀರಿದ್ದರೆ ಇದ್ದ ತಾಮ್ರವೂ ಮೈಗೆ ಹತ್ತುವುದಿಲ್ಲ. ಮ್ಯಾಂಗನೀಸ್ ಮೂಳೆ-ಕೀಲುಗಳ ಮೃದ್ವಸ್ಥಿಗೆ, ಸೆಲೆನಿಯಂ ಹಾಗೂ ಜೀವಸತ್ವ ‘ಇ’ ಜೀವಕೋಶಗಳ ರಕ್ಷಣೆಗೆ, ಜೀವಸತ್ವ ‘ಎ’ ಚರ್ಮ-ಕೊಂಬುಪದರಗಳ ಸರಿಯಾದ ಬೆಳವಣಿಗೆಗೆ, ಜೀವಸತ್ವ ‘ಡಿ’ ಕ್ಯಾಲ್ಸಿಯಂ-ರಂಜಕಗಳ ಬಳಕೆಗೆ ಬೇಕು. ಹಸಿರು ಮೇವಿನಲ್ಲಿ ಜೀವಸತ್ವ ‘ಎ’ಯ ಮೂಲವಾದ ಕ್ಯಾರೋಟಿನ್ ಹೇರಳ, ಬಿಸಿಲಲ್ಲಿ ಒಣಗಿ ಬಣವೆ ಸೇರಿದ ಹುಲ್ಲಿನಲ್ಲಿ ಅದು ಬಹುಪಾಲು ನಾಶವಾಗಿರುತ್ತದೆ. ಜೀವಸತ್ವ ‘ಡಿ’ಯನ್ನು ಬಿಸಿಲಿಗೆ ಮೈಯೊಡ್ಡಿದ ರಾಸು ತಾನೇ ತಯಾರಿಸಿಕೊಳ್ಳುತ್ತದೆ.

ಬಯೋಟಿನ್ ಎಂಬ ಜೀವಸತ್ವದ ಪಾತ್ರ ಇನ್ನೂ ವಿಶಿಷ್ಟ. ಗೊರಸಿನ ಜೀವಕೋಶಗಳ ನಡುವಿನ ಅಂಟಿನಂತಹ ಕೊಬ್ಬಿನ ಪದರ ರೂಪುಗೊಳ್ಳಲು ಇದು ಬೇಕು. ಸಾಮಾನ್ಯವಾಗಿ ಮೆಲುಕುಹೊಟ್ಟೆಯ ಸೂಕ್ಷ್ಮಜೀವಿಗಳೇ ಇದನ್ನು ತಯಾರಿಸುತ್ತವೆ. ಆದರೆ ನಾರಿನ ಮೇವು ಕಡಿಮೆಯಾಗಿ ಹಿಟ್ಟು, ಧಾನ್ಯ, ಬೂಸಾಗಳು ಹೆಚ್ಚಾದಾಗ ಮೆಲುಕುಹೊಟ್ಟೆ ಹುಳಿಯಾಗುತ್ತದೆ, ಬಯೋಟಿನ್ ತಯಾರಿ ಕುಗ್ಗುತ್ತದೆ. ಅದೇ ಹುಳಿತ ಜೀವಪದರದ ರಕ್ತಸಂಚಾರವನ್ನು ಕೆಡಿಸಿ ಉರಿಯೂತವನ್ನುಂಟುಮಾಡುತ್ತದೆ. ಅಂಗಾಲಿನಲ್ಲಿ ರಕ್ತಕಲೆ, ಹುಣ್ಣು, ಬಿಳಿಗೆರೆಯ ಸೀಳು ಕಾಣಿಸಿಕೊಳ್ಳುತ್ತವೆ. ಹೆಚ್ಚು ಭಾರ ಹೊರುವ ಹಿಂಗಾಲಿನ ಹೊರಗೊರಸಿನಲ್ಲಿ ಇವು ಅಧಿಕ. ವಿದೇಶಗಳ ದೊಡ್ಡ ಹೈನುಹಿಂಡುಗಳಲ್ಲಿ ಹಸುವೊಂದಕ್ಕೆ ದಿನಕ್ಕೆ 20 ಮಿಲಿಗ್ರಾಂ ಬಯೋಟಿನ್ ನೀಡಿದಾಗ ಬಿಳಿಗೆರೆಯ ಕುಂಟು ತಗ್ಗಿದ್ದು ದಾಖಲಾಗಿದೆ. ಆದರೆ ಫಲ ಕಾಣಲು ಹಲವು ತಿಂಗಳು ಬಿಡದೆ ನೀಡಬೇಕಾಯಿತು. ಹಳೆಯ ಗೊರಸನ್ನು ಯಾವ ಪೋಷಕಾಂಶವೂ ದುರಸ್ತಿ ಮಾಡಲಾರದು. ಹೊಸದಾಗಿ ಹುಟ್ಟುವ ಗೊರಸನ್ನು ಮಾತ್ರ ಉತ್ತಮಗೊಳಿಸಬಲ್ಲದು.

5. ಮೂಳೆ ಕಡಿಯುವ ದನ, ನೀರಿನಲ್ಲಿರುವ ವಿಷ

ಕುಂಟು ಗೊರಸಿನಿಂದ ಮಾತ್ರ ಬರುವುದಿಲ್ಲ. ಮೂಳೆ, ಕೀಲುಗಳಿಂದಲೂ ಬರುತ್ತದೆ. ಒಂದು ಲೀಟರು ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ, 0.9 ಗ್ರಾಂ ರಂಜಕ ಇರುತ್ತವೆ. ದಿನಕ್ಕೆ ಹತ್ತು ಲೀಟರು ಕರೆಯುವ ಹಸು 12 ಗ್ರಾಂ ಕ್ಯಾಲ್ಸಿಯಮನ್ನು ಮನೆಯವರ ಚೊಂಬಿಗೆ ಸುರಿಯುತ್ತದೆ. ಅಷ್ಟು ಮೇವಿನಲ್ಲಿ ಬಾರದಿದ್ದರೆ ಅದು ತನ್ನ ಮೂಳೆಯಿಂದಲೇ ತೆಗೆದುಕೊಡುತ್ತದೆ. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಮನ್ನು ಬಂಧಿಸಿ ನಷ್ಟಗೊಳಿಸುತ್ತದೆ. ರಂಜಕವಂತೂ ಒಣಹುಲ್ಲುಗಳಲ್ಲಿ ಕಡಿಮೆಯೇ.

ರಂಜಕದ ಕೊರತೆಯ ರಾಸು ಮೂಳೆ, ಚರ್ಮ, ಬಟ್ಟೆ, ಮಣ್ಣುಗಳನ್ನು ಕಡಿಯುತ್ತದೆ. ಮೂಳೆ ಕಡಿಯುವ ದನವನ್ನು ಕಂಡಿರದ ದನಗಾಹಿ ಇಲ್ಲ. ಇದನ್ನು ಕೆಟ್ಟ ಚಾಳಿಯೆಂದು ಬಗೆದು ಹೊಡೆದು ಬಿಡಿಸುವುದು ವಾಡಿಕೆ. ಈ ಸಂದರ್ಭದಲ್ಲಿ ದಕ್ಷಿಣ ಆಫ್ರಿಕದ ಒಂದು ನಿದರ್ಶನ ತೌಲನಿಕವಾಗಿ ಮುಖ್ಯ. ಅಲ್ಲಿನ ದನಗಾರರು ‘ಲಾಮ್‌ಸೀಕ್ಟೆ’, ಅಂದರೆ ಕುಂಟುರೋಗ, ಎಂದೂ ‘ಸ್ಟೈಫ್‌ಸೀಕ್ಟೆ’, ಅಂದರೆ ಬಿಗಿತದ ರೋಗ, ಎಂದೂ ಎರಡು ರೋಗಗಳನ್ನು ಬೇರ್ಪಡಿಸಿ ಹೆಸರಿಸಿದ್ದರು. 1920ರ ದಶಕದ ವೇಳೆಗೆ ಆರ್ನಾಲ್ಡ್ ಥೈಲರ್ ಮತ್ತು ಸಂಗಡಿಗರ ಸಂಶೋಧನೆ ಇವುಗಳ ಸಂಬಂಧವನ್ನು ಬಿಡಿಸಿತು. ಮಣ್ಣು ಮತ್ತು ಹುಲ್ಲಿನಲ್ಲಿ ರಂಜಕದ ಕೊರತೆಯಿಂದ ಬರುವುದು ಬಿಗಿತದ ರೋಗ. ಅದೇ ಕೊರತೆಯಿಂದ ಹಸಿದ ದನ ಕೊಳೆತ ಮೂಳೆಯನ್ನು ಕಡಿದಾಗ ಅದರಲ್ಲಿನ ಬಾಟುಲಿನಂ ವಿಷದಿಂದ ಬರುವುದು ಕುಂಟುರೋಗವೆಂಬ ಲಕ್ವ. ಮೂಳೆಹಿಟ್ಟನ್ನು ತಿನ್ನಿಸಿದಾಗ ಮೂಳೆ ಕಡಿಯುವ ಆಸೆಯೂ, ರೋಗವೂ ತಗ್ಗಿದವು. ಜನರು ಇಟ್ಟ ಹೆಸರಿನ ಭೇದ ಸರಿಯಾಗಿತ್ತು. ದನದ ‘ಚಾಳಿ’ಯೇ ಕೊರತೆಯ ಸೂಚನೆಯಾಗಿತ್ತು. ಕರ್ನಾಟಕದ ಕೊಟ್ಟಿಗೆಗಳಲ್ಲಿಯೂ ಮೂಳೆ, ಗೋಡೆ, ಬಟ್ಟೆ ನೆಕ್ಕುವ ರಾಸನ್ನು ಇದೇ ದೃಷ್ಟಿಯಿಂದ ನೋಡುವುದು ಉಚಿತ.

ಕೊರತೆಯಂತೆ ಹೆಚ್ಚಳವೂ ಕುಂಟಿಸುತ್ತದೆ. 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ವೈಜ್ಞಾನಿಕವಾಗಿ ವರದಿಯಾದ ಫ್ಲೋರೋಸಿಸ್ ಕರ್ನಾಟಕದ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ ಮೊದಲಾದ ಜಿಲ್ಲೆಗಳ ಅಂತರ್ಜಲದ ಸಮಸ್ಯೆಯೂ ಹೌದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಮಾನವರಿಗೆ ನಿಗದಿಯಾದ ಮಿತಿ. ಕೊಳವೆಬಾವಿಯ ಅದೇ ನೀರನ್ನು ದನಗಳೂ ಕುಡಿಯುತ್ತವೆ. ಹೆಚ್ಚಿನ ಫ್ಲೋರೈಡ್ ಮೂಳೆಯಲ್ಲಿ ಶೇಖರಗೊಂಡು ಕೀಲುಗಳ ಬಳಿ ಗಂಟು ಕಟ್ಟುತ್ತದೆ, ಹಲ್ಲುಗಳಲ್ಲಿ ಕಂದುಕಲೆ ಬಿದ್ದು ಅಕಾಲದಲ್ಲಿ ಸವೆಯುತ್ತವೆ. ಇಂತಹ ಊರುಗಳಲ್ಲಿ ಹಲ್ಲು ನೋಡಿ ವಯಸ್ಸು ಹೇಳುವ ಹಳೆಯ ವಿಧಾನವೂ ಎಡವುತ್ತದೆ. ಆರು ಹಲ್ಲಿನ ರಾಸು ಬಾಯಿಗೂಡಿದ ಮುದಿರಾಸಿನಂತೆ ಕಾಣಬಹುದು. ಪೋಷಣೆ ಕೆಟ್ಟ ರಾಸಿಗೆ ಈ ಬಾಧೆ ಹೆಚ್ಚು. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಕರುಳಿನಲ್ಲಿ ಫ್ಲೋರೈಡ್ ಹೀರಿಕೆ ಸ್ವಲ್ಪಮಟ್ಟಿಗೆ ತಗ್ಗುತ್ತದೆ. ಹಾಗೆಯೇ ಪಂಜಾಬಿನ ಹೋಶಿಯಾರ್‌ಪುರ ಮತ್ತು ನವಾನ್‌ಶಹರ್ ಪ್ರದೇಶಗಳ ಕೆಲವು ಹಳ್ಳಿಗಳಲ್ಲಿ ಮಣ್ಣಿನ ಸೆಲೆನಿಯಂ ಅತಿಯಾಗಿ ದನಗಳ ಗೊರಸು ಬಿರಿದು ಕಳಚುವುದು ದಾಖಲಾಗಿದೆ. ಗೊರಸಿಗೆ ಬೇಕಾದ ಖನಿಜವೇ ಮಿತಿ ದಾಟಿದರೆ ಗೊರಸನ್ನು ಕಳಚಬಲ್ಲದು.

6. ಜನಪದ ಮೇವಿನ ಕ್ರಮದ ಮರುಓದು

ಜನಪದ ಪದ್ಧತಿಯಲ್ಲಿ ‘ಖನಿಜ’, ‘ಜೀವಸತ್ವ’ ಎಂಬ ಪರಿಕಲ್ಪನೆಗಳಿರಲಿಲ್ಲ. ಆದರೆ ಅವುಗಳನ್ನು ಒದಗಿಸುವ ವ್ಯವಸ್ಥೆಯಿತ್ತು. ಬಯಲುಸೀಮೆಯಲ್ಲಿ ರಾಗಿ ಹುಲ್ಲು, ಉತ್ತರದಲ್ಲಿ ಜೋಳದ ಕಣಿಕೆ, ಅವುಗಳ ಜೊತೆಗೆ ತೊಗರಿ, ಹುರುಳಿ, ಅವರೆ, ಶೇಂಗಾ ಹೊಟ್ಟುಗಳು. ಏಕದಳದ ಹುಲ್ಲಿಗಿಂತ ದ್ವಿದಳದ ಹೊಟ್ಟಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಭತ್ತದ ಹುಲ್ಲಿಗಿಂತ ರಾಗಿಹುಲ್ಲು ಮೇಲೆಂಬ ರೈತರ ಅಭಿಪ್ರಾಯಕ್ಕೂ ಕ್ಯಾಲ್ಸಿಯಂ ಲೆಕ್ಕದಿಂದ ಆಧಾರವಿದೆ. ಬೇಸಗೆಯಲ್ಲಿ ಅಗಸೆ, ಹಲಸು, ಹಾಲವಾಣದ ಸೊಪ್ಪು ಕಡಿದು ಹಾಕುವುದರಿಂದ ಒಣಹುಲ್ಲಿನಲ್ಲಿಲ್ಲದ ಕ್ಯಾರೋಟಿನ್, ಸಸಾರಜನಕ, ಕ್ಯಾಲ್ಸಿಯಂ ದೊರೆಯುತ್ತಿದ್ದವು. ಬೂಸಾದಲ್ಲಿ ರಂಜಕ ಹೆಚ್ಚು. ಅಡುಗೆಮನೆಯ ಅಕ್ಕಚ್ಚು, ಕಲಗಚ್ಚುಗಳಿಗೆ ಉಪ್ಪು ಬೆರೆಸಿ ಕುಡಿಸುವುದರಿಂದ ಸೋಡಿಯಂ ಒದಗುತ್ತಿತ್ತು. ಹಗಲೆಲ್ಲ ಹೊರಗೆ ಮೇಯುವುದರಿಂದ ಬಿಸಿಲೂ ನಡಿಗೆಯೂ ಸೇರುತ್ತಿದ್ದವು.

ಈ ವ್ಯವಸ್ಥೆಯನ್ನು ಪರಿಪೂರ್ಣವೆಂದು ಭಾವಿಸುವುದು ಸರಿಯಲ್ಲ. ಬರಗಾಲದಲ್ಲಿ ಅದು ಕುಸಿಯುತ್ತಿತ್ತು. ಮಳೆ ಹೆಚ್ಚಿರುವ ಮಲೆನಾಡಿನ ಮಣ್ಣಿನಿಂದ ಖನಿಜಗಳು ತೊಳೆದುಹೋಗುವುದರಿಂದ ಅಲ್ಲಿ ಕೊರತೆ ಸಹಜವಾಗಿತ್ತು. ಮುಖ್ಯವಾಗಿ, ದಿನಕ್ಕೆ ಒಂದೆರಡು ಲೀಟರು ಕರೆಯುವ ನಾಟಿ ಹಸುವಿಗೆ ಸಾಕಾಗುತ್ತಿದ್ದ ಪೋಷಣೆ ಹತ್ತು ಲೀಟರಿನ ಹಸುವಿಗೆ ಸಾಲದು. ಬೇಡಿಕೆ ಹಲವು ಪಟ್ಟು ಏರಿದ ಕಾಲದಲ್ಲಿಯೇ ಮೇವಿನ ವೈವಿಧ್ಯ ಕುಗ್ಗಿತು. ಇದರೊಂದಿಗೆ ಮಣ್ಣಿನ ಸ್ಥಿತಿಯೂ ಸೇರಿದೆ. 2009ರಲ್ಲಿ ಆರಂಭವಾದ ರಾಜ್ಯ ಸರ್ಕಾರ ಹಾಗೂ ಇಕ್ರಿಸ್ಯಾಟ್ ಸಂಸ್ಥೆಯ ‘ಭೂಚೇತನ’ ಯೋಜನೆಯ ಮಣ್ಣುಪರೀಕ್ಷೆಗಳು ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್‌ಗಳ ಕೊರತೆ ವ್ಯಾಪಕವಾಗಿರುವುದನ್ನು ತೋರಿಸಿದವು. ಸತುವಿಲ್ಲದ ಮಣ್ಣಿನ ಹುಲ್ಲಿನಲ್ಲಿ ಸತು ಕಡಿಮೆ. ಆ ಹುಲ್ಲು ತಿಂದ ಹಸುವಿನ ಗೊರಸಿನಲ್ಲಿಯೂ ಅದರ ಪರಿಣಾಮ ಕಾಣಬಹುದು.

ಜನಪದ ಅನುಭವವು ಮೇವಿನ ಅಪಾಯವನ್ನು ಒಂದು ಕಡೆ ಸ್ಪಷ್ಟವಾಗಿ ಗುರುತಿಸಿದೆ. ಹಬ್ಬ, ಮದುವೆಗಳಲ್ಲಿ ಉಳಿದ ಅನ್ನ, ಪಾಯಸಗಳನ್ನು ದನಕ್ಕೆ ಒಮ್ಮೆಲೇ ಹಾಕಿದರೆ ಮೆಲುಕು ನಿಂತು, ಹೊಟ್ಟೆ ಉಬ್ಬರಿಸಿ ಸಾಯಬಹುದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆ ಹುಳಿತದಿಂದ ಬದುಕುಳಿದ ಹಸು ಆರರಿಂದ ಎಂಟು ವಾರಗಳ ಅನಂತರ ಕುಂಟಬಹುದೆಂಬುದು ಮಾತ್ರ ತಿಳಿವಿಗೆ ಬಂದಿಲ್ಲ. ಸಂಕ್ರಾಂತಿಯ ಊಟಕ್ಕೂ ಶಿವರಾತ್ರಿ ಕಳೆದ ಮೇಲೆ ಕಾಣುವ ಕುಂಟಿಗೂ ಸಂಬಂಧ ಕಲ್ಪಿಸುವುದು ಯಾರಿಗಾದರೂ ಕಷ್ಟ. ಅಷ್ಟರಲ್ಲಿ ಹಸು ಎಲ್ಲಿಯೋ ಒಂದು ಕಲ್ಲು ತುಳಿದಿರುತ್ತದೆ; ದೋಷ ಕಲ್ಲಿನ ಮೇಲೆ ಬೀಳುತ್ತದೆ. ಪೋಷಣೆಯ ಕುಂಟಿಗೆ ಜನಪದ ರೋಗನಾಮಾವಳಿಯಲ್ಲಿ ಪ್ರತ್ಯೇಕ ಹೆಸರು ನೆಲೆಗೊಳ್ಳದಿರಲು ಈ ಕಾಲದ ಅಂತರವೇ ಮುಖ್ಯ ಕಾರಣ. ಇದು ಅರಿವಿನ ಕೊರತೆ ಎನ್ನುವುದಕ್ಕಿಂತ, ಗೊರಸು ನಿಧಾನವಾಗಿ ಬೆಳೆಯುವುದರ ಫಲ.

7. ಕೊಂಬಿನ ಬಳೆ, ಗೊರಸಿನ ಗೆರೆ

ಕಾಲದ ಅಂತರವನ್ನು ದಾಟುವ ಒಂದು ಸಾಧನ ಜನಪದ ಜ್ಞಾನದಲ್ಲಿಯೇ ಇದೆ. ಹಸುವಿನ ಕೊಂಬಿನ ಮೇಲಿನ ಬಳೆಗಳನ್ನು ಎಣಿಸಿ ಅದು ಎಷ್ಟು ಸೂಲು ಕಂಡಿದೆ ಎಂದು ಅನುಭವಿಗಳು ಹೇಳುತ್ತಾರೆ. ಗರ್ಭದ ಕೊನೆಯ ತಿಂಗಳುಗಳಲ್ಲಿ, ಕರು ಹಾಕಿದ ಹೊಸತರಲ್ಲಿ ಪೋಷಕಾಂಶಗಳು ಕರುವಿಗೂ ಹಾಲಿಗೂ ಸಲ್ಲುವುದರಿಂದ ಕೊಂಬಿನ ಬೆಳವಣಿಗೆ ಕುಗ್ಗಿ ತಗ್ಗೊಂದು ಮೂಡುತ್ತದೆ; ಅನಂತರ ಬೆಳೆದ ಭಾಗ ಉಬ್ಬಿ ಬಳೆಯಾಗುತ್ತದೆ. ತೀವ್ರ ಬರ, ದೀರ್ಘ ರೋಗಗಳೂ ಇಂತಹ ಗುರುತು ಬಿಡುವುದರಿಂದ ಲೆಕ್ಕ ಅಂದಾಜಿನದು. ಹಾಗಿದ್ದರೂ ತತ್ತ್ವ ಖಚಿತ: ಕೊಂಬು ರಾಸಿನ ಪೋಷಣೆಯ ಚರಿತ್ರೆಯನ್ನು ಬರೆದಿಟ್ಟುಕೊಳ್ಳುತ್ತದೆ.

ಗೊರಸೂ ಅದೇ ಕೆರಾಟಿನ್‌ನಿಂದ ಆದುದು, ಅದೇ ಬಗೆಯ ಗೆರೆಗಳನ್ನು ಹೊರುತ್ತದೆ. ಗೊರಸಿನ ಗೋಡೆಯ ಅಡ್ಡತಗ್ಗು ಕೂದಲಂಚಿನಿಂದ ಎಷ್ಟು ದೂರವಿದೆ ಎಂದು ಅಳೆದು, ತಿಂಗಳಿಗೆ 5 ಮಿಲಿಮೀಟರಿನಂತೆ ಲೆಕ್ಕ ಹಾಕಿದರೆ ಆಪತ್ತು ಯಾವ ತಿಂಗಳಲ್ಲಿ ಬಂದಿತೆಂದು ತಿಳಿಯಬಹುದು. ತಗ್ಗು 20 ಮಿಲಿಮೀಟರ್ ಕೆಳಗಿದ್ದರೆ ಸುಮಾರು ನಾಲ್ಕು ತಿಂಗಳ ಹಿಂದಿನ ಘಟನೆ: ಕರು ಹಾಕಿದ್ದಿರಬಹುದು, ಜ್ವರವಿರಬಹುದು, ಮೇವು ಹಠಾತ್ತನೆ ಬದಲಾದದ್ದಿರಬಹುದು. ಮನೆಯ ಹೆಣ್ಣುಮಕ್ಕಳಿಗೆ ಆ ತಿಂಗಳ ನೆನಪು ಇದ್ದೇ ಇರುತ್ತದೆ. ಇಂದಿನ ಮಿಶ್ರತಳಿ ಕರುಗಳಿಗೆ ಎಳವೆಯಲ್ಲಿಯೇ ಕೊಂಬಿನ ಮೊಳಕೆಯನ್ನು ಸುಡುವುದರಿಂದ ಕೊಂಬಿನ ಓದು ಅಸಾಧ್ಯವಾಗುತ್ತಿದೆ. ಗೊರಸಿನ ಓದು ಉಳಿದಿದೆ. ಕೊಂಬಿನ ಬಳೆ ಎಣಿಸುವ ವಿದ್ಯೆಯನ್ನು ಗೊರಸಿಗೆ ಇಳಿಸಿದರೆ, ಕಲ್ಲಿನ ಮೇಲೆ ಬೀಳುತ್ತಿದ್ದ ದೋಷದ ನಿಜವಾದ ಮೂಲ ಗೋದಲಿಯಲ್ಲಿ ಸಿಗುವ ಸಾಧ್ಯತೆಯಿದೆ.

ಚಿಕಿತ್ಸೆಯ ಮಾತಿನಲ್ಲಿಯೂ ಭಾಷೆಯ ಪಾತ್ರವಿದೆ. 1995ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ಪ್ರದೇಶವಾರು ಕೊರತೆಗಳನ್ನು ಗುರುತಿಸಿ ಅವುಗಳಿಗೆ ತಕ್ಕ ಖನಿಜ ಮಿಶ್ರಣಗಳನ್ನು ರೂಪಿಸುವ ಕಾರ್ಯದಲ್ಲಿ ತೊಡಗಿದೆ. ಕರೆಯುವ ಹಸುವಿಗೆ ಸಾಮಾನ್ಯವಾಗಿ ದಿನಕ್ಕೆ 50 ಗ್ರಾಂ ಮಿಶ್ರಣವನ್ನು ಶಿಫಾರಸು ಮಾಡಲಾಗುತ್ತದೆ. ಕನ್ನಡದಲ್ಲಿ ಇದಕ್ಕೆ ‘ಲವಣ ಮಿಶ್ರಣ’ ಎಂಬ ಹೆಸರು ರೂಢಿಯಲ್ಲಿದೆ. ಲವಣವೆಂದರೆ ಉಪ್ಪು ಎಂಬ ಅರ್ಥ ಪ್ರಬಲವಾಗಿರುವುದರಿಂದ, ಕಲಗಚ್ಚಿಗೆ ಹಿಡಿ ಉಪ್ಪು ಹಾಕಿದರೆ ಅದೂ ಇದೂ ಒಂದೇ ಎಂಬ ಭಾವನೆಗೆ ಆಸ್ಪದವಾಗುತ್ತದೆ. ಉಪ್ಪು ಸೋಡಿಯಮನ್ನು ಕೊಡುತ್ತದೆ, ಸತು-ತಾಮ್ರ-ರಂಜಕಗಳನ್ನು ಕೊಡುವುದಿಲ್ಲ. ‘ಗೊರಸಿಗೂ ಮೂಳೆಗೂ ಬೇಕಾದ ಪುಡಿ’ ಎಂದು ಅದರ ಕೆಲಸದಿಂದಲೇ ಪರಿಚಯಿಸುವುದು ಹೆಚ್ಚು ಫಲಕಾರಿ. ಪುಡಿಯನ್ನು ಕುಂಟಿದ ಮೇಲೆ ಒಂದು ವಾರ ಕೊಟ್ಟು ಬಿಡುವುದಲ್ಲ, ಗೊರಸು ಹೊಸದಾಗಿ ಬೆಳೆಯುವ ತಿಂಗಳುಗಳುದ್ದಕ್ಕೂ ಕೊಡಬೇಕು ಎಂಬುದನ್ನೂ ತಿಳಿಸಬೇಕು. ಹಸುಗಳಿಗಾಗಿ ತಯಾರಿಸಿದ ಮಿಶ್ರಣದಲ್ಲಿನ ತಾಮ್ರ ಕುರಿಗಳಿಗೆ ವಿಷವಾಗಬಹುದಾದ್ದರಿಂದ ಎರಡನ್ನೂ ಸಾಕುವ ಮನೆಗಳಲ್ಲಿ ಎಚ್ಚರ ಅಗತ್ಯ.

ಸಮಾರೋಪ

ಎಲ್ಲ ಕುಂಟಿಗೂ ಮೇವೇ ಕಾರಣವೆಂದು ಹೇಳಲಾಗದು. 2013ರಲ್ಲಿ ರಾಜ್ಯವನ್ನು ಕಾಡಿದ ಕಾಲುಬಾಯಿ ರೋಗ, 2020ರಿಂದೀಚೆಗೆ ಕಾಣಿಸಿಕೊಂಡ ಚರ್ಮಗಂಟು ರೋಗಗಳು ಸೋಂಕಿನ ಕುಂಟು ಇನ್ನೂ ಎಷ್ಟು ಪ್ರಬಲವೆಂಬುದನ್ನು ತೋರಿಸಿವೆ. ಅವುಗಳಿಗೆ ಲಸಿಕೆಯೇ ದಾರಿ. ಒದ್ದೆಯಾದ ಸಿಮೆಂಟು ನೆಲ, ಕೆತ್ತದೆ ಬಿಟ್ಟ ಗೊರಸುಗಳು ಉತ್ತಮ ಪೋಷಣೆಯ ಫಲವನ್ನೂ ಹಾಳುಮಾಡಬಲ್ಲವು. ಆದ್ದರಿಂದ ಗೊರಸು ಕೆತ್ತುವ ಕಸುಬಿನ ಪರಿಣತಿಯನ್ನು, ಅದು ಇನ್ನೂ ಉಳಿದಿರುವ ನಾಲಬಂದ ಹಿರಿಯರಿಂದ ದಾಖಲಿಸಿ, ಹಾಲು ಉತ್ಪಾದಕರ ಸಹಕಾರ ಸಂಘಗಳ ಮಟ್ಟದಲ್ಲಿ ಯುವಕರಿಗೆ ಕಲಿಸುವುದು ತುರ್ತಾದ ಕೆಲಸ. ಜಾನಪದ ಅಧ್ಯಯನವು ಹಾಡು, ಕಥೆ, ಆಚರಣೆಗಳ ಸಂಗ್ರಹದಷ್ಟೇ ಶ್ರದ್ಧೆಯಿಂದ ರೋಗನಾಮಗಳು, ಮೇವಿನ ಸಸ್ಯಗಳ ಹೆಸರುಗಳು, ಕೊಂಬು-ಹಲ್ಲು-ಗೊರಸುಗಳನ್ನು ಓದುವ ವಿಧಾನಗಳನ್ನು ಜಿಲ್ಲಾವಾರು ಸಂಗ್ರಹಿಸಬೇಕಾಗಿದೆ.

ಒಟ್ಟಾರೆಯಾಗಿ ಜನಪದ ಪಶುಜ್ಞಾನವು ಕಾಲಿನಲ್ಲಿ ಕಾಣುವ ಕುಂಟನ್ನು ಸೂಕ್ಷ್ಮವಾಗಿ ಅರಿತಿತ್ತು. ಗೋದಲಿಯಲ್ಲಿ ಹುಟ್ಟಿ ತಿಂಗಳುಗಳ ಅನಂತರ ಕಾಲಿಗಿಳಿಯುವ ಕುಂಟು ಅದರ ಅನುಭವದ ವ್ಯಾಪ್ತಿಗೆ ಇತ್ತೀಚೆಗೆ ಬಂದುದು. ವಿಜ್ಞಾನ ಈ ಸಂಬಂಧವನ್ನು ವಿವರಿಸಿದೆ. ಅದನ್ನು ಕೊಟ್ಟಿಗೆಯ ಮಟ್ಟದಲ್ಲಿ ಗುರುತಿಸುವ ಕಣ್ಣು ಮಾತ್ರ ದಿನವೂ ಹಸುವಿನ ಬಳಿ ಕೂರುವವರದು. ಕೆಚ್ಚಲಿಗೆ ಕೈ ಹಾಕುವ ಮುನ್ನ ಒಂದು ಗಳಿಗೆ ಗೊರಸಿನತ್ತಲೂ ನೋಡುವ ರೂಢಿ ಬೆಳೆದರೆ, ಕುಂಟು ಕಾಣಿಸಿಕೊಳ್ಳುವುದಕ್ಕೆ ತಿಂಗಳು ಮೊದಲೇ ಅದರ ಗೆರೆ ಅಲ್ಲಿ ಕಾಣುತ್ತದೆ.